ಮಸೂದೆಯಿಂದ ಶಾಸನದವರೆಗೆ: ಭಾರತ ಸಂಸತ್ತಿನ ಉಭಯ ಸದನಗಳು

ಸಂಸತ್ತು, ಸದನ, ಸದಸ್ಯ, ಪರಿಷತ್ತು ಎಂಬ ನಾಲ್ಕು ಶಬ್ದಗಳೂ 'ಸದ್' ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಕುಳಿತುಕೊಳ್ಳುವುದು ಎಂಬುದೇ ಆ ಧಾತುವಿನ ಮುಖ್ಯಾರ್ಥ. ಕೂಡಿ ಕುಳಿತದ್ದು ಸಂಸತ್ತು. ಕುಳಿತುಕೊಳ್ಳುವ ಎಡೆ ಸದನ. ಸುತ್ತುವರಿದು ಕುಳಿತದ್ದು ಪರಿಷತ್ತು. ಈ ಸದನಗಳ ಮುಂದೆ ಬರುವ 'ಮಸೂದೆ'ಯಾದರೋ ಅರಬ್ಬೀ ಮೂಲದ ಮಾತು. ಪಾರಸಿಯ ಮೂಲಕ ನಮ್ಮ ಕಚೇರಿಗಳನ್ನು ಸೇರಿ, ಕನ್ನಡದ ಮನೆಯ ಮಗುವಾಯಿತು. ಕಪ್ಪು ಎಂಬರ್ಥದ ಮೂಲದಿಂದ ಬಂದುದರಿಂದ, ಮಸಿಯಿಂದ ಕಪ್ಪಾದದ್ದು, ಎಂದರೆ ತಿದ್ದುವುದಕ್ಕೆಂದೇ ಬರೆದ ಕರಡು ಎಂದು ಅದರ ಅರ್ಥ. ಸರ್ಕಾರದ ಪರಿಭಾಷೆಯಲ್ಲಿ ಇದನ್ನೇ 'ವಿಧೇಯಕ' ಎನ್ನುವರು. ಶಬ್ದ ಶುದ್ಧವಾದುದೇ, ಆದರೆ ತಿದ್ದುವ ಕರಡು ಎಂಬ ಧ್ವನಿ ಅದರಲ್ಲಿಲ್ಲ. ಇನ್ನು 'ಶಾಸನ' ಎಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಗುಡಿಯ ಮುಂದಿನ ಕಲ್ಲು. ಕಲ್ಲಿನಲ್ಲಿ ಕೊರೆದುದನ್ನು ಅಳಿಸುವುದು ಸುಲಭವಲ್ಲ. ಆದುದರಿಂದ ಉಳಿ ಹಿಡಿಯುವ ಮುನ್ನ ಕರಡನ್ನು ಎಷ್ಟು ಸಲ, ಯಾರು ಯಾರು ಓದಬೇಕು ಎಂಬ ಪ್ರಶ್ನೆ ಏಳುತ್ತದೆ. ಭಾರತದ ಸಂವಿಧಾನವು ಎರಡು ಸದನಗಳನ್ನು ನಿರ್ಮಿಸಿದುದು ಈ ಪ್ರಶ್ನೆಗೆ ಉತ್ತರವಾಗಿಯೇ.

ಎರಡು ಸದನಗಳ ಪದ್ಧತಿ ಸ್ವತಂತ್ರ ಭಾರತಕ್ಕೆ ಹೊಸದೇನೂ ಆಗಿರಲಿಲ್ಲ. ೧೯೧೯ರ ಕಾಯಿದೆಯ ಮೇರೆಗೆ ೧೯೨೧ರಿಂದಲೇ ದೆಹಲಿಯಲ್ಲಿ ಎರಡು ಸದನಗಳಿದ್ದವು. ಆಗಿನ ಮೇಲ್ಮನೆಗೆ ಮತ ನೀಡುವ ಹಕ್ಕು ಹೆಚ್ಚು ಆಸ್ತಿ, ವರಮಾನ ಉಳ್ಳ ಕೆಲವೇ ಜನರಿಗೆ ಮೀಸಲಾಗಿತ್ತು. ಆ ನೆನಪು ಹಸಿಯಾಗಿದ್ದುದರಿಂದ, ಸಂವಿಧಾನ ಸಭೆಯಲ್ಲಿ ಎರಡನೆಯ ಸದನದ ಪ್ರಸ್ತಾಪ ಬಂದಾಗ, ಇದು ಪ್ರಗತಿಗೆ ಅಡ್ಡಗಲ್ಲಾದೀತೆಂದು ಶಂಕಿಸಿದವರು ಇದ್ದರು. ೧೯೪೭ರ ಜುಲೈ ತಿಂಗಳಿನಲ್ಲಿ ಈ ಶಂಕೆಗೆ ಸಮಾಧಾನ ಹೇಳಿದವರು ಎನ್. ಗೋಪಾಲಸ್ವಾಮಿ ಅಯ್ಯಂಗಾರರು. ಆ ಹೊತ್ತಿನ ಆವೇಶದಿಂದ ಹುಟ್ಟಬಹುದಾದ ಕಾನೂನನ್ನು, ಆವೇಶ ಇಳಿಯುವವರೆಗೆ ತಡೆದು ಶಾಂತವಾಗಿ ವಿಚಾರಿಸುವುದಕ್ಕೆ ಇಂಥ ಸದನ ಬೇಕು. ಆದರೆ ಅದು ಕಾನೂನು ರಚನೆಗಾಗಲಿ ಆಡಳಿತಕ್ಕಾಗಲಿ ಅಡಚಣೆಯಾಗದಂತೆ ಎಚ್ಚರ ವಹಿಸಲಾಗುವುದು ಎಂಬುದು ಅವರ ವಾದದ ಸಾರ. ತಡೆಯಬೇಕು, ಅಡಚಣೆಯಾಗಬಾರದು! ಈ ಎರಡು ಮಾತುಗಳ ನಡುವಣ ಗೆರೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ಮುಂದಿನ ಇತಿಹಾಸವೆಲ್ಲವೂ ತೋರಿಸುತ್ತದೆ. ಎರಡೂ ಸದನಗಳು ೧೯೫೨ರಲ್ಲಿ ಕಾರ್ಯಾರಂಭ ಮಾಡಿದವು. ಲೋಕಸಭೆ, ರಾಜ್ಯಸಭೆ ಎಂಬ ಹೆಸರುಗಳು ರೂಢಿಗೆ ಬಂದುದು ೧೯೫೪ರಲ್ಲಿ.

ರಾಷ್ಟ್ರಪತಿ, ಲೋಕಸಭೆ, ರಾಜ್ಯಸಭೆ ಈ ಮೂರೂ ಸೇರಿ ಸಂಸತ್ತು. ರಾಷ್ಟ್ರಪತಿಯು ಯಾವ ಸದನದ ಸದಸ್ಯನೂ ಅಲ್ಲ; ಆದರೂ ಅವನ ಅಂಕಿತವಿಲ್ಲದೆ ಯಾವ ಮಸೂದೆಯೂ ಕಾಯಿದೆಯಾಗದು. ಲೋಕಸಭೆಯ ಸ್ಥಾನಗಳು ೫೪೩. ಎಲ್ಲವೂ ಜನರ ನೇರ ಮತದಿಂದ ತುಂಬತಕ್ಕವು. ಆಂಗ್ಲೋ-ಇಂಡಿಯನ್ ಸಮುದಾಯದ ಇಬ್ಬರನ್ನು ನಾಮಕರಣ ಮಾಡುವ ಅವಕಾಶ ೨೦೨೦ರಲ್ಲಿ ಮುಗಿಯಿತು. ರಾಜ್ಯಸಭೆಯ ಸ್ಥಾನಗಳು ೨೪೫. ಅವುಗಳಲ್ಲಿ ೨೩೩ ಚುನಾಯಿತ, ೧೨ ನಾಮಕರಣದವು. ಲೋಕಸಭೆಗೆ ೨೫, ರಾಜ್ಯಸಭೆಗೆ ೩೦ ವರ್ಷ ಕನಿಷ್ಠ ವಯಸ್ಸು. ಅಮೆರಿಕದ ಸೆನೆಟ್ಟಿನಲ್ಲಿ ದೊಡ್ಡ ರಾಜ್ಯಕ್ಕೂ ಸಣ್ಣ ರಾಜ್ಯಕ್ಕೂ ಇಬ್ಬಿಬ್ಬರೇ ಸದಸ್ಯರು. ನಮ್ಮಲ್ಲಿ ಹಾಗಲ್ಲ, ಜನಸಂಖ್ಯೆಯನ್ನು ಅನುಸರಿಸಿ ಉತ್ತರ ಪ್ರದೇಶಕ್ಕೆ ೩೧, ಕರ್ನಾಟಕಕ್ಕೆ ೧೨, ಗೋವೆಗೆ ಒಂದೇ ಒಂದು.

ಲೋಕಸಭೆಯ ಅವಧಿ ಐದು ವರ್ಷ. ಅದಕ್ಕೆ ಮುಂಚೆಯೂ ಅದು ವಿಸರ್ಜಿತವಾಗಬಹುದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಮ್ಮೆಗೆ ಒಂದು ವರ್ಷದಂತೆ ಮುಂದುವರಿಯಲೂಬಹುದು. ೧೯೭೧ರಲ್ಲಿ ಚುನಾಯಿತವಾದ ಸಭೆ ೧೯೭೭ರವರೆಗೆ ಉಳಿದುದು ಹೀಗೆ. ರಾಜ್ಯಸಭೆಗಾದರೋ ವಿಸರ್ಜನೆಯೆಂಬುದೇ ಇಲ್ಲ. ಸದಸ್ಯನ ಅವಧಿ ಆರು ವರ್ಷ; ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗದಷ್ಟು ಜನ ನಿವೃತ್ತರಾಗಿ ಹೊಸಬರು ಬರುತ್ತಾರೆ. ಕೆರೆಗೆ ಮುಂಗಾರಿನ ಹೊಸ ನೀರು ಬಂದರೂ ಹಳೆಯ ನೀರು ಪೂರ್ತಿ ಹೋಗಿರುವುದಿಲ್ಲವಷ್ಟೆ; ಅಂತೆಯೇ ಇಲ್ಲಿಯೂ. ಆದುದರಿಂದ ರಾಷ್ಟ್ರದ ಮನಸ್ಸು ಒಂದು ಚುನಾವಣೆಯಲ್ಲಿ ಹಠಾತ್ತನೆ ತಿರುಗಿದರೆ ಲೋಕಸಭೆ ಆ ದಿನವೇ ತಿರುಗುತ್ತದೆ. ರಾಜ್ಯಸಭೆ ತಿರುಗಲು ಕೆಲವು ವರ್ಷಗಳು ಬೇಕಾಗುತ್ತವೆ. ೧೯೭೭ರಲ್ಲಿ ಜನತಾ ಪಕ್ಷ ಅಧಿಕಾರಕ್ಕೆ ಬಂದಾಗಲೂ, ೨೦೧೪ರ ಬದಲಾವಣೆಯ ಅನಂತರವೂ ಈ ಅಂತರ ಕಾಣಿಸಿಕೊಂಡಿತು.

ರಾಜ್ಯಸಭೆಯ ಚುನಾವಣೆ ಜನರ ಕಣ್ಣಿಗೆ ಬೀಳುವುದು ಕಡಿಮೆಯಾದ ಕಾರಣ ಅದರ ಲೆಕ್ಕವನ್ನು ವಿದ್ಯಾರ್ಥಿಗಳು ಒಮ್ಮೆ ಮಾಡಿ ನೋಡುವುದು ಲೇಸು. ಮತದಾರರು ಆಯಾ ರಾಜ್ಯದ ವಿಧಾನಸಭೆಯ ಚುನಾಯಿತ ಸದಸ್ಯರು. ಮತಪತ್ರದಲ್ಲಿ ಅವರು ೧, ೨, ೩ ಎಂದು ತಮ್ಮ ಆಯ್ಕೆಯ ಕ್ರಮವನ್ನು ಬರೆಯುತ್ತಾರೆ. ಕರ್ನಾಟಕದ ೨೨೪ ಶಾಸಕರೂ ಮತ ಹಾಕಿದರು, ನಾಲ್ಕು ಸ್ಥಾನಗಳು ತೆರವಾಗಿವೆ ಎಂದಿಟ್ಟುಕೊಳ್ಳೋಣ. ಪ್ರತಿ ಮತಕ್ಕೆ ೧೦೦ರ ಬೆಲೆ, ಒಟ್ಟು ೨೨,೪೦೦. ಸ್ಥಾನಗಳ ಸಂಖ್ಯೆಗೆ ಒಂದನ್ನು ಕೂಡಿಸಿ, ಬಂದ ಐದರಿಂದ ಭಾಗಿಸಿದರೆ ೪,೪೮೦. ಅದಕ್ಕೆ ಒಂದನ್ನು ಕೂಡಿಸಿದರೆ ೪,೪೮೧. ಇಷ್ಟು ಬೆಲೆ ದೊರೆಯಲು ಪ್ರಥಮ ಪ್ರಾಶಸ್ತ್ಯದ ೪೫ ಮತಗಳು ಬೇಕು. ಗೆದ್ದವನಿಗೆ ಹೆಚ್ಚಾಗಿ ಬಿದ್ದ ಬೆಲೆ ವ್ಯರ್ಥವಾಗದೆ ಮುಂದಿನ ಪ್ರಾಶಸ್ತ್ಯದವನಿಗೆ ವರ್ಗವಾಗುತ್ತದೆ. ಇದರಿಂದ ಶಾಸನಸಭೆಯಲ್ಲಿ ಅಲ್ಪಸಂಖ್ಯೆಯಲ್ಲಿರುವ ಪಕ್ಷಕ್ಕೂ ತನ್ನ ಬಲಕ್ಕೆ ತಕ್ಕ ಸ್ಥಾನ ದೊರೆಯುತ್ತದೆ. ಏರ್ಪಾಟು ಜಾಣತನದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ೨೦೦೩ರವರೆಗೆ ಒಂದು ರಾಜ್ಯದಿಂದ ಆಯ್ಕೆಯಾಗಬೇಕಾದವನು ಆ ರಾಜ್ಯದ ಮತದಾರನಾಗಿರಬೇಕೆಂಬ ನಿಯಮವಿತ್ತು. ಆ ವರ್ಷ ಅದನ್ನು ತೆಗೆದು, ದೇಶದ ಯಾವ ಕ್ಷೇತ್ರದ ಮತದಾರನಾದರೂ ಸಾಕೆಂದು ಮಾಡಲಾಯಿತು. ಗುಪ್ತ ಮತದಾನ ಹೋಗಿ ಬಹಿರಂಗ ಮತದಾನ ಬಂದಿತು. ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಇವೆರಡನ್ನೂ ಎತ್ತಿಹಿಡಿಯಿತು. ಹಳೆಯ ನಿಯಮವನ್ನು ಸುಳ್ಳು ವಿಳಾಸ ಕೊಟ್ಟು ಮುರಿಯುವವರಿದ್ದರೆಂಬುದು ನಿಜವೇ. ಆದರೂ ಬೇಲಿ ಹಾರುವವರಿದ್ದಾರೆಂದು ಬೇಲಿಯನ್ನೇ ಕಿತ್ತದ್ದು ಸರಿಯೇ? 'ರಾಜ್ಯಸಭೆ' ಎಂಬ ಸಮಾಸದಲ್ಲಿ ಪೂರ್ವಪದದ ಅರ್ಥ ಅಂದಿನಿಂದ ತೆಳುವಾಗಿದೆಯೆಂದೇ ಹೇಳಬೇಕು.

ಈಗ ಅಧಿಕಾರಗಳ ವಿಚಾರ. ಸರ್ಕಾರವನ್ನು ಉಳಿಸುವ ಅಥವಾ ಉರುಳಿಸುವ ಅಧಿಕಾರ ಲೋಕಸಭೆಗೆ ಮಾತ್ರ ಸೇರಿದ್ದು. ಮಂತ್ರಿಮಂಡಲ ಸಾಮೂಹಿಕವಾಗಿ ಹೊಣೆಯಾಗಿರುವುದು ಅದಕ್ಕೇ. ೧೯೯೯ರ ಏಪ್ರಿಲ್ ೧೭ರಂದು ವಾಜಪೇಯಿಯವರ ಸರ್ಕಾರ ೨೬೯ಕ್ಕೆ ೨೭೦ರಂತೆ, ಒಂದೇ ಮತದ ಅಂತರದಿಂದ ಬಿದ್ದುಹೋಯಿತು. ರಾಜ್ಯಸಭೆಯ ಸದಸ್ಯನೂ ಪ್ರಧಾನಿಯಾಗಬಹುದು. ಆದರೆ ಅವನ ಅಳಿವು ಉಳಿವು ಇನ್ನೊಂದು ಮನೆಯ ಕೈಯಲ್ಲಿ. ಕರ್ನಾಟಕದ ಎಚ್.ಡಿ. ದೇವೇಗೌಡರು ೧೯೯೬ರ ಜೂನ್ ತಿಂಗಳಿನಲ್ಲಿ ಪ್ರಧಾನಿಯಾದಾಗ ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ; ಸಂವಿಧಾನ ಕೊಡುವ ಆರು ತಿಂಗಳ ಗಡುವಿನೊಳಗೆ ರಾಜ್ಯಸಭೆಗೆ ಆಯ್ಕೆಯಾದರು. ೧೯೯೭ರ ಏಪ್ರಿಲ್‌ನಲ್ಲಿ ಲೋಕಸಭೆಯಲ್ಲಿ ವಿಶ್ವಾಸಮತ ಕೋರಿದಾಗ ಅವರು ಅಲ್ಲಿ ಮಾತನಾಡಬಹುದಾಗಿತ್ತೇ ಹೊರತು ಮತ ಹಾಕುವಂತಿರಲಿಲ್ಲ.

ಸಾಮಾನ್ಯ ಮಸೂದೆಗಳ ವಿಷಯದಲ್ಲಿ ಉಭಯ ಸದನಗಳೂ ಸಮಾನ. ಯಾವ ಸದನದಲ್ಲಿ ಬೇಕಾದರೂ ಮಂಡಿಸಬಹುದು. ಒಂದು ಅಂಗೀಕರಿಸಿದ ಮೇಲೆ ಇನ್ನೊಂದು ಅದನ್ನು ಅದೇ ರೂಪದಲ್ಲಿ ಅಂಗೀಕರಿಸಬೇಕು. ಎರಡನೆಯದು ತಿರಸ್ಕರಿಸಿದರೆ, ತಿದ್ದುಪಡಿಗಳಲ್ಲಿ ಒಮ್ಮತ ಬಾರದಿದ್ದರೆ, ಅಥವಾ ಆರು ತಿಂಗಳಿಗೂ ಹೆಚ್ಚು ಕಾಲ ಸುಮ್ಮನಿದ್ದರೆ ರಾಷ್ಟ್ರಪತಿ ಎರಡನ್ನೂ ಒಟ್ಟಿಗೆ ಕರೆಯಬಹುದು. ಇದೇ ಸಂಯುಕ್ತ ಅಧಿವೇಶನ. ಇಲ್ಲಿ ತೀರ್ಮಾನ ತಲೆಯೆಣಿಕೆಯಿಂದ. ಲೋಕಸಭೆಯ ಸದಸ್ಯರು ಎರಡರಷ್ಟಕ್ಕೂ ಹೆಚ್ಚಾಗಿರುವುದರಿಂದ ತಕ್ಕಡಿ ಸಾಮಾನ್ಯವಾಗಿ ಅತ್ತಲೇ ವಾಲುತ್ತದೆ. ಈ ಅಸ್ತ್ರವನ್ನು ಪ್ರಯೋಗಿಸಿದುದು ೧೯೬೧, ೧೯೭೮, ೨೦೦೨ನೆಯ ವರ್ಷಗಳಲ್ಲಿ.

ಮೊದಲನೆಯದು ವರದಕ್ಷಿಣೆಯ ನಿಷೇಧದ ಮಸೂದೆ. ವರದಕ್ಷಿಣೆ ಕೆಟ್ಟದ್ದೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ತೊಡಕು ಬಂದುದು ವ್ಯಾಖ್ಯೆಯಲ್ಲಿ. ವರದಕ್ಷಿಣೆಯೆಂದರೆ ಯಾವುದು? ಚಪ್ಪರದ ಕೆಳಗೆ ಬಂಧುಗಳು ಮಾಡುವ ಮುಯ್ಯಿ, ತವರಿನವರು ಮಗಳಿಗೆ ಇಡುವ ಒಡವೆ, ಅಳಿಯನಿಗೆ ಉಡುಗೊರೆಯೆಂದು ಕೊಡುವ ವಸ್ತ್ರ, ಇವೆಲ್ಲವೂ ಅಪರಾಧವಾಗಬೇಕೇ? ಆಗಬೇಕೆಂದರೆ ಮನೆಮನೆಯ ಮದುವೆಯೂ ಕಾನೂನಿನ ಉಲ್ಲಂಘನೆಯಾಗುತ್ತದೆ. ಬೇಡವೆಂದರೆ ವರದಕ್ಷಿಣೆಯೇ ಉಡುಗೊರೆಯ ವೇಷ ತೊಟ್ಟು ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ೧೯೬೧ರ ಮೇ ೬ ಮತ್ತು ೯ರಂದು ಎರಡೂ ಸದನಗಳು ಒಟ್ಟಿಗೆ ಕುಳಿತು ಇತ್ಯರ್ಥಪಡಿಸಿದವು. ಹೊರಬಂದ ಕಾಯಿದೆಯಲ್ಲಿ 'ನೇರವಾಗಿ ಅಥವಾ ಪರೋಕ್ಷವಾಗಿ' ಕೊಟ್ಟದ್ದೂ ವರದಕ್ಷಿಣೆಯೇ ಎಂಬ ಮಾತು ಸೇರಿತ್ತು. ಜೊತೆಗೆ, ಮದುವೆಯ ಕಾಲದಲ್ಲಿ ಹಣ, ಆಭರಣ, ವಸ್ತ್ರ ಮೊದಲಾದ ರೂಪದಲ್ಲಿ ಕೊಟ್ಟ ಉಡುಗೊರೆ ಮದುವೆಯ ಪ್ರತಿಫಲವಾಗಿ ಕೊಟ್ಟದ್ದಲ್ಲವಾದರೆ ವರದಕ್ಷಿಣೆಯಲ್ಲ ಎಂಬ ವಿವರಣೆಯೂ ಇತ್ತು. ಹೆಣ್ಣು ಹೆತ್ತವರು ಪ್ರತಿಫಲವಾಗಿ ಕೊಟ್ಟರೋ ಪ್ರೀತಿಯಿಂದ ಕೊಟ್ಟರೋ ಎಂಬುದನ್ನು ನ್ಯಾಯಾಲಯದಲ್ಲಿ ಯಾರು, ಹೇಗೆ ಸಾಧಿಸಬೇಕು? ಈ ಒಂದು ವಾಕ್ಯ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಯಿದೆಯಲ್ಲಿ ಉಳಿದು, ಕಡೆಗೆ ೧೯೮೪ರ ತಿದ್ದುಪಡಿಯಲ್ಲಿ ಬಿದ್ದುಹೋಯಿತು. ವ್ಯಾಕರಣದ ತರಗತಿಯಲ್ಲಿ ವಿಶೇಷಣವೊಂದರ ಸ್ಥಾನವನ್ನು ಕುರಿತು ಗುರುಗಳು ಹಟ ಹಿಡಿದರೆ ಹುಡುಗರು ನಗುವುದುಂಟು. ಅಂಥದೇ ಒಂದು ಪದಪುಂಜಕ್ಕಾಗಿ ಗಣತಂತ್ರದ ಸಮಸ್ತ ಪ್ರತಿನಿಧಿಗಳೂ ಎರಡು ದಿನ ಕೂಡಿ ಕುಳಿತಿದ್ದರೆಂಬುದನ್ನು ಅವರು ಮರೆಯಬಾರದು.

ಎರಡನೆಯ ಸಂಯುಕ್ತ ಅಧಿವೇಶನ ನಡೆದುದು ೧೯೭೮ರ ಮೇ ೧೬ರಂದು, ಬ್ಯಾಂಕಿಂಗ್ ಸೇವಾ ಆಯೋಗವನ್ನು ರದ್ದುಗೊಳಿಸುವ ಮಸೂದೆಗಾಗಿ. ಆಗ ಉಪರಾಷ್ಟ್ರಪತಿಗಳಾಗಿ, ತನ್ಮೂಲಕ ರಾಜ್ಯಸಭೆಯ ಸಭಾಪತಿಗಳಾಗಿ ಇದ್ದವರು ಬಿ.ಡಿ. ಜತ್ತಿಯವರು, ಲೋಕಸಭೆಯ ಸ್ಪೀಕರ್ ಕೆ.ಎಸ್. ಹೆಗ್ಡೆಯವರು. ಉಭಯ ಸದನಗಳ ಪೀಠಗಳಲ್ಲಿಯೂ ಏಕಕಾಲಕ್ಕೆ ಕನ್ನಡಿಗರು! ಸಂಯುಕ್ತ ಅಧಿವೇಶನಕ್ಕೆ ಸ್ಪೀಕರರೇ ಅಧ್ಯಕ್ಷರೆಂಬ ನಿಯಮದಂತೆ ಹೆಗ್ಡೆಯವರು ಪೀಠದಲ್ಲಿ ಕುಳಿತರು. ೧೯೫೨ರಲ್ಲಿ ಅವರು ರಾಜ್ಯಸಭೆಯ ಸದಸ್ಯರಾಗಿದ್ದವರೇ. ಮೂರನೆಯದು ೨೦೦೨ರ ಮಾರ್ಚ್ ೨೬ರಂದು. ರಾಜ್ಯಸಭೆ ತಿರಸ್ಕರಿಸಿದ್ದ ಭಯೋತ್ಪಾದನೆ ತಡೆ ಮಸೂದೆ, ಅಂದು ೪೨೫ಕ್ಕೆ ೨೯೬ರಂತೆ ಅಂಗೀಕೃತವಾಯಿತು. ೨೦೦೪ರಲ್ಲಿ ಆ ಕಾಯಿದೆ ರದ್ದಾಯಿತೆಂಬುದು ಬೇರೆಯ ಮಾತು.

ಸಂವಿಧಾನದ ತಿದ್ದುಪಡಿಗೆ ಸಂಯುಕ್ತ ಅಧಿವೇಶನದ ಹಾದಿ ಮುಚ್ಚಿದೆ. ಪ್ರತಿ ಸದನವೂ ಪ್ರತ್ಯೇಕವಾಗಿ, ತನ್ನ ಒಟ್ಟು ಸದಸ್ಯಬಲದ ಬಹುಮತದಿಂದಲೂ, ಹಾಜರಿದ್ದು ಮತ ಹಾಕಿದವರ ಮೂರನೆಯ ಎರಡರಷ್ಟು ಬಹುಮತದಿಂದಲೂ ಅಂಗೀಕರಿಸಬೇಕು. ರಾಜ್ಯಸಭೆಯ ನಿಜವಾದ ಬಲ ಇರುವುದು ಇಲ್ಲಿ. ಮಾಜಿ ಅರಸರ ರಾಜಧನವನ್ನು ನಿಲ್ಲಿಸುವ ಮಸೂದೆ ೧೯೭೦ರಲ್ಲಿ ಲೋಕಸಭೆಯನ್ನು ದಾಟಿ ಸೆಪ್ಟೆಂಬರ್ ೫ರಂದು ರಾಜ್ಯಸಭೆಯಲ್ಲಿ ಮತಕ್ಕೆ ಬಂದಿತು. ಪರ ೧೪೯, ವಿರುದ್ಧ ೭೫, ಒಟ್ಟು ೨೨೪. ಅದರ ಮೂರನೆಯ ಎರಡರಷ್ಟೆಂದರೆ ೧೪೯ ಮತ್ತು ಮೂರನೆಯ ಒಂದು. ಒಂದು ಮತದ ಮೂರನೆಯ ಒಂದು ಭಾಗ ಕಡಿಮೆಯಾಗಿ ಮಸೂದೆ ಬಿದ್ದಿತು. ಮನುಷ್ಯನನ್ನು ಮೂರು ಪಾಲು ಮಾಡಲು ಬರುವುದಿಲ್ಲವಾಗಿ, ಬೇಕಾಗಿದ್ದುದು ಇನ್ನೊಬ್ಬನೇ. ಮರುವರ್ಷ ಲೋಕಸಭೆಗೆ ಚುನಾವಣೆ ನಡೆದು, ಅದೇ ಉದ್ದೇಶ ಇಪ್ಪತ್ತಾರನೆಯ ತಿದ್ದುಪಡಿಯಾಗಿ ೧೯೭೧ರ ಕೊನೆಯಲ್ಲಿ ನೆರವೇರಿತು. ತಡೆದದ್ದು ಹೆಚ್ಚುಕಡಿಮೆ ಹದಿನೈದು ತಿಂಗಳು. ಆದರೆ ಆ ನಡುವೆ ಜನರ ಅಭಿಪ್ರಾಯವನ್ನು ಕೇಳಿದಂತಾಯಿತು.

೧೯೮೯ರ ಪ್ರಸಂಗ ಇನ್ನೂ ವಿಚಾರಾರ್ಹವಾದುದು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಡುವ ಅರುವತ್ತನಾಲ್ಕನೆಯ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಅಂಗೀಕೃತವಾಗಿ ಅಕ್ಟೋಬರ್ ೧೩ರಂದು ರಾಜ್ಯಸಭೆಯಲ್ಲಿ ಸೋತಿತು. ಗ್ರಾಮಗಳಿಗೆ ಅಧಿಕಾರ ಬೇಡವೆಂದು ಹೇಳಿದವರು ಯಾರೂ ಇಲ್ಲ. ರಾಜ್ಯಗಳನ್ನು ಬದಿಗಿಟ್ಟು ದೆಹಲಿಯೇ ನೇರವಾಗಿ ಹಳ್ಳಿಗೆ ಕೈಚಾಚುತ್ತಿದೆಯೆಂಬುದು ವಿರೋಧಿಗಳ ಆಕ್ಷೇಪ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ೧೯೮೭ರಲ್ಲಿಯೇ ಚುನಾಯಿಸಿದ್ದ ಕರ್ನಾಟಕದಂಥ ರಾಜ್ಯಕ್ಕೆ ಈ ಆಕ್ಷೇಪ ಬರಿಯ ಮಾತಾಗಿರಲಿಲ್ಲ. ಮುಂದೆ ೧೯೯೨ರಲ್ಲಿ ಎಪ್ಪತ್ತಮೂರನೆಯ ತಿದ್ದುಪಡಿಯಾಗಿ ಮರಳಿ ಬಂದ ಕರಡು ಉಭಯ ಸದನಗಳನ್ನೂ ದಾಟಿ, ೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದಿತು. ಇವೆರಡರ ನಡುವೆ, ೧೯೭೮ರಲ್ಲಿ, ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಸರಿಪಡಿಸುವ ತಿದ್ದುಪಡಿ ಮಸೂದೆಯಿಂದ ರಾಜ್ಯಸಭೆಯು ಜನಮತಗಣನೆಯ ಪ್ರಸ್ತಾವವೇ ಮೊದಲಾದ ಕೆಲವು ಖಂಡಗಳನ್ನು ಕಿತ್ತುಹಾಕಿತು, ಲೋಕಸಭೆ ಒಪ್ಪಿತು, ಅದೇ ನಲವತ್ತನಾಲ್ಕನೆಯ ತಿದ್ದುಪಡಿ.

ಇಷ್ಟು ಬಲವುಳ್ಳ ಸದನ ಧನ ವಿಧೇಯಕದ ಮುಂದೆ ನಿರಾಯುಧವಾಗುತ್ತದೆ. ತೆರಿಗೆ, ಸಾಲ, ಭಾರತದ ಸಂಚಿತ ನಿಧಿ ಇವುಗಳಿಗೆ ಮಾತ್ರ ಸಂಬಂಧಿಸಿದ ಮಸೂದೆಯನ್ನು ಲೋಕಸಭೆಯಲ್ಲಿಯೇ ಮಂಡಿಸಬೇಕು. ರಾಜ್ಯಸಭೆ ಹದಿನಾಲ್ಕು ದಿನಗಳೊಳಗೆ ತನ್ನ ಶಿಫಾರಸುಗಳೊಡನೆ ಹಿಂದಿರುಗಿಸಬೇಕು. ಲೋಕಸಭೆ ಅವನ್ನು ಒಪ್ಪಲೂಬಹುದು, ಬಿಡಲೂಬಹುದು. ಕಂದಾಯದ ಚೀಲದ ಬಾಯಿ ಜನರ ನೇರ ಪ್ರತಿನಿಧಿಗಳ ಕೈಯಲ್ಲಿರಬೇಕೆಂಬ ತತ್ತ್ವ ಸರಿಯಾದುದೇ. ಆದರೆ ಒಂದು ಮಸೂದೆ ಧನ ವಿಧೇಯಕವೋ ಅಲ್ಲವೋ ಎಂದು ತೀರ್ಮಾನಿಸುವವರು ಸ್ಪೀಕರ್ ಒಬ್ಬರೇ. ಹಾಗಾಗಿ 'ಮಾತ್ರ' ಎಂಬ ಒಂದು ಅವ್ಯಯದ ಮೇಲೆ ಒಂದು ಸದನದ ಅಧಿಕಾರವೆಲ್ಲ ತೂಗುತ್ತಿದೆ. ೨೦೧೬ರಲ್ಲಿ ಆಧಾರ್ ಮಸೂದೆಯನ್ನು ಧನ ವಿಧೇಯಕವೆಂದು ಪ್ರಮಾಣೀಕರಿಸಲಾಯಿತು. ರಾಜ್ಯಸಭೆ ಮಾರ್ಚ್ ೧೬ರಂದು ಐದು ತಿದ್ದುಪಡಿಗಳನ್ನು ಶಿಫಾರಸು ಮಾಡಿತು. ಅದೇ ದಿನ ಲೋಕಸಭೆ ಐದನ್ನೂ ತಳ್ಳಿಹಾಕಿತು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತ ಆ ಪ್ರಮಾಣಪತ್ರವನ್ನು ಎತ್ತಿಹಿಡಿಯಿತು, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರು ಭಿನ್ನಮತ ಬರೆದು, ಇದು ಸಂವಿಧಾನಕ್ಕೆ ವಂಚನೆಯೆಂದರು. ೨೦೧೯ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಧನ ವಿಧೇಯಕದ ವ್ಯಾಪ್ತಿಯ ಪ್ರಶ್ನೆಯನ್ನು ಹೆಚ್ಚು ಸಂಖ್ಯೆಯ ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಯಾವ ಪಕ್ಷ ಆಳುತ್ತಿದ್ದರೂ ಈ ಬಾಗಿಲು ಸಡಿಲವಾಗುವುದು ಅಪಾಯಕರವೇ. ಕರಡನ್ನು ಎರಡನೆಯ ಸಲ ಓದುವ ಏರ್ಪಾಟು ಒಬ್ಬರ ಸಹಿಯಿಂದ ಬರಿಯ ಶಾಸ್ತ್ರವಾಗಿಬಿಡುತ್ತದೆ.

ರಾಜ್ಯಸಭೆಗೇ ಮೀಸಲಾದ ಅಧಿಕಾರಗಳೂ ಕೆಲವು ಉಂಟು. ರಾಜ್ಯಪಟ್ಟಿಯ ವಿಷಯವೊಂದರ ಮೇಲೆ ರಾಷ್ಟ್ರಹಿತಕ್ಕಾಗಿ ಸಂಸತ್ತು ಕಾನೂನು ಮಾಡಬೇಕಾದರೂ, ಹೊಸ ಅಖಿಲ ಭಾರತ ಸೇವೆಯೊಂದನ್ನು ಸ್ಥಾಪಿಸಬೇಕಾದರೂ ಮೊದಲು ಅದು ಮೂರನೆಯ ಎರಡರಷ್ಟು ಬಹುಮತದ ನಿರ್ಣಯ ಮಾಡಬೇಕು. ಉಪರಾಷ್ಟ್ರಪತಿಯನ್ನು ಪದಚ್ಯುತಗೊಳಿಸುವ ನಿರ್ಣಯ ಆರಂಭವಾಗುವುದೂ ಅಲ್ಲಿಯೇ.

ವಿಸರ್ಜನೆಯಿಲ್ಲದ ಸದನದಿಂದ ಆಗುವ ಇನ್ನೊಂದು ಉಪಕಾರವನ್ನು ಮಹಿಳಾ ಮೀಸಲಾತಿಯ ಕಥೆಯಲ್ಲಿ ಕಾಣಬಹುದು. ಲೋಕಸಭೆ ವಿಸರ್ಜಿತವಾದರೆ ಅದರ ಮುಂದಿದ್ದ ಮಸೂದೆಗಳೆಲ್ಲ ಬಿದ್ದುಹೋಗುತ್ತವೆ. ರಾಜ್ಯಸಭೆಯಲ್ಲಿ ಹುಟ್ಟಿ ಅಲ್ಲಿಯೇ ಇರುವ ಮಸೂದೆ ಉಳಿಯುತ್ತದೆ. ದೇವೇಗೌಡರ ಸರ್ಕಾರ ೧೯೯೬ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆ ಹೀಗೆ ಬಿದ್ದಿತು. ೧೯೯೮, ೧೯೯೯ರವೂ ಅದೇ ಗತಿಯನ್ನು ಕಂಡವು. ಪಾಠ ಕಲಿತವರು ೨೦೦೮ರಲ್ಲಿ ಅದನ್ನು ರಾಜ್ಯಸಭೆಯಲ್ಲಿಯೇ ಮಂಡಿಸಿದರು. ಚುನಾವಣೆಯನ್ನು ದಾಟಿ ಬದುಕಿದ ಅದು ೨೦೧೦ರ ಮಾರ್ಚ್ ೯ರಂದು ಅಲ್ಲಿ ಅಂಗೀಕೃತವಾಯಿತು. ಬಳಿಕ ಲೋಕಸಭೆಗೆ ಹೋಗಿ, ನಾಲ್ಕು ವರ್ಷ ಚರ್ಚೆಗೇ ಬಾರದೆ ೨೦೧೪ರ ವಿಸರ್ಜನೆಯೊಂದಿಗೆ ಕೊನೆಯುಸಿರೆಳೆಯಿತು. ತಡೆಯುವುದು ಮೇಲ್ಮನೆಯ ಸ್ವಭಾವವೆನ್ನುವವರು ಈ ಪ್ರಸಂಗವನ್ನು ನೆನೆಯಬೇಕು. ಹೊಸ ಸಂಸತ್ ಭವನದಲ್ಲಿ ೨೦೨೩ರ ಸೆಪ್ಟೆಂಬರ್ ೧೯ರಂದು ಮಂಡಿತವಾದ ಹೊಸ ಮಸೂದೆಯನ್ನು ಉಭಯ ಸದನಗಳೂ ಎರಡು ದಿನಗಳಲ್ಲಿ ಅಂಗೀಕರಿಸಿದವು. ಮೀಸಲಾತಿ ಜಾರಿಗೆ ಬರುವುದು ಮಾತ್ರ ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ಅನಂತರವೆಂದು ಆ ತಿದ್ದುಪಡಿಯಲ್ಲಿಯೇ ನಿಬಂಧನೆ ಹಾಕಲಾಗಿತ್ತು.

ಮತದ ಲೆಕ್ಕದಲ್ಲಿ ಬಾರದ ಒಂದು ಶಕ್ತಿಯನ್ನೂ ಇಲ್ಲಿ ಹೇಳಬೇಕು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿ ಪರಿಣತರಾದ ಹನ್ನೆರಡು ಮಂದಿಯನ್ನು ರಾಷ್ಟ್ರಪತಿಗಳು ರಾಜ್ಯಸಭೆಗೆ ನಾಮಕರಣ ಮಾಡುತ್ತಾರೆ. ಈ ಸ್ಥಾನಗಳನ್ನು ಅಲಂಕಾರವೆಂದು ಭಾವಿಸಿ ಮೌನವಾಗಿದ್ದು ಹೋದವರೂ ಇದ್ದಾರೆ. ಮೈಸೂರಿನಲ್ಲಿ ನೆಲೆಸಿದ್ದ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರು ೧೯೮೬ರಲ್ಲಿ ಹೀಗೆ ಸದಸ್ಯರಾದರು. ಅವರು ಅಲ್ಲಿ ಎತ್ತಿದ ವಿಷಯ ಯುದ್ಧವಲ್ಲ, ತೆರಿಗೆಯಲ್ಲ. ಶಾಲೆಯ ಮಕ್ಕಳು ಬೆನ್ನ ಮೇಲೆ ಹೊರುವ ಪುಸ್ತಕದ ಚೀಲ. ಆ ಭಾರದಿಂದ ಮಕ್ಕಳ ಬೆನ್ನು ಬಾಗುತ್ತಿದೆ, ಬಾಲ್ಯವೇ ಕಳೆದುಹೋಗುತ್ತಿದೆ ಎಂಬ ಅವರ ಮಾತಿಗೆ ಮತದಾನವೇನೂ ನಡೆಯಲಿಲ್ಲ. ಆದರೆ ಆ ಮಾತು ದೇಶದಲ್ಲಿ ಚರ್ಚೆಯಾಗಿ ಹಬ್ಬಿತು. ೧೯೯೨ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ಯಶಪಾಲರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಭಾರವಿಲ್ಲದ ಕಲಿಕೆಯನ್ನು ಕುರಿತ ಅದರ ವರದಿ ೧೯೯೩ರಲ್ಲಿ ಬಂದಿತು. ಹೊರುವ ಚೀಲದ ತೂಕಕ್ಕಿಂತಲೂ, ಅರ್ಥವಾಗದೆ ಉರುಹಚ್ಚುವ ಪಾಠದ ತೂಕವೇ ಹೆಚ್ಚು ಕ್ರೂರವಾದುದೆಂದು ಆ ಸಮಿತಿ ಕಂಡುಕೊಂಡಿತು.